ಚಳಿಗಿಂತ ಒದ್ದೆ ಕೆಟ್ಟದ್ದು



ಅಮೆರಿಕದ ಉತ್ತರ ಬಯಲುಸೀಮೆಯ ಎರಡು ಡಕೋಟ ರಾಜ್ಯಗಳಲ್ಲಿ ದನಸಾಕಣೆಯೇ ಅನೇಕರ ಜೀವನ. 1936ರ ಫೆಬ್ರುವರಿಯಲ್ಲಿ ಉತ್ತರ ಡಕೋಟದಲ್ಲಿ ಉಷ್ಣಾಂಶವು ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ಸೀಮೆಯಲ್ಲೂ ರಾಸುಗಳು ಬದುಕುವುದು ಹೇಗೆ? ಚಳಿಗಾಲದ ಹೊತ್ತಿಗೆ ಅವುಗಳ ಮೈಮೇಲೆ ದಟ್ಟ ಕೂದಲು ಬೆಳೆದಿರುತ್ತದೆ. ಅದು ಒಣಗಿದ್ದರೆ ಶೂನ್ಯಕ್ಕಿಂತ ಸುಮಾರು 8 ಡಿಗ್ರಿ ಕೆಳಗಿನವರೆಗೂ ಮೈಶಾಖಕ್ಕಾಗಿ ಹೆಚ್ಚು ಮೇವು ಬೇಕಾಗದು. ಮೈ ನೆನೆದರೆ ಮಾತ್ರ 15 ಡಿಗ್ರಿಗೇ ಚಳಿಯ ಕಾಟ ಶುರುವಾಗುತ್ತದೆ.

2013ರ ಅಕ್ಟೋಬರ್ ಮೊದಲ ವಾರದಲ್ಲಿ ದಕ್ಷಿಣ ಡಕೋಟದಲ್ಲಿ ಆದದ್ದು ಇದೇ. ಕೂದಲು ಇನ್ನೂ ಬೆಳೆದಿರಲಿಲ್ಲ. ರಾಸುಗಳು ಮರೆಯಿಲ್ಲದ ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದವು. ಮೊದಲು ಮಳೆ, ಆಮೇಲೆ ಬಿರುಗಾಳಿಯೊಂದಿಗೆ ಹಿಮ. ಸಾವಿರಾರು ರಾಸುಗಳು ಸತ್ತವು. ಸರ್ಕಾರದ ಪರಿಹಾರ ಯೋಜನೆಯ ಅವಧಿ 2011ರಲ್ಲೇ ಮುಗಿದಿತ್ತು. 2014ರಲ್ಲಿ ಹೊಸ ಕಾನೂನು ಬರುವವರೆಗೆ ರೈತರು ಕಾಯಬೇಕಾಯಿತು.

ನಮ್ಮಲ್ಲಿ ಹಿಮವಿಲ್ಲ, ನಿಜ. ಆದರೆ ಸೋನೆಮಳೆ, ಗಾಳಿ, ಒದ್ದೆ ನೆಲ ಉಂಟು. ಎಳೆಗರುವನ್ನು ಕಾಯಿಲೆಗೆ ತಳ್ಳಲು ಅಷ್ಟೇ ಸಾಕು. ಆದ್ದರಿಂದ ಗಾಳಿ ಹೊಡೆಯುವ ಕಡೆ ಗೋಣಿತಟ್ಟು ಕಟ್ಟಿರಿ. ಮೇಲ್ಭಾಗದಲ್ಲಿ ಗಾಳಿಯಾಡಲು ಬಿಡಿರಿ. ಕರುವಿನ ಕೆಳಗೆ ಒಣಹುಲ್ಲು ಹಾಸಿ, ಒದ್ದೆಯಾದೊಡನೆ ಬದಲಿಸಿರಿ. ನೆನೆದ ಕರುವನ್ನು ಕೂಡಲೇ ಚೆನ್ನಾಗಿ ಒರೆಸಿರಿ. ಚಳಿಯ ದಿನಗಳಲ್ಲಿ ಅದರ ಹಾಲನ್ನು ಕಡಿಮೆ ಮಾಡಬೇಡಿರಿ. ರಾಸಿನ ವಿಮೆಯ ಅವಧಿ ಮುಗಿದಿದೆಯೇ, ಕಿವಿಯೋಲೆ ಇದೆಯೇ ಎಂದು ಇಂದೇ ನೋಡಿಕೊಳ್ಳಿರಿ.

ಹಾಲು ಡೇರಿಗೆ ಹೋಗುವ ಮೊದಲು ಕರುವಿನ ಪಾಲು ಕರುವಿಗೆ ಸೇರಲಿ.