ಜೀವಕೋಶದೊಳಗಿನ ಚಪ್ಪರ

(ತೊಪ್ಪೂರಿನಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನವನ್ನು ಕನ್ನಡದಲ್ಲಿ ಓದಿದರೆ ಮಗುವಿಗೆ ಮುಂದೆ ಕಷ್ಟವಾಗದೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ವಾದ ಮಾಡುವ ಬದಲು ಒಂದು ಪಾಠವನ್ನೇ ನಿಮ್ಮ ಮುಂದಿಡುತ್ತೇನೆ.

ನಮ್ಮ ದೇಹದ ಜೀವಕೋಶ ಬರಿಯ ನೀರಿನ ಚೀಲವಲ್ಲ. ಮದುವೆ ಚಪ್ಪರಕ್ಕೆ ಬಿದಿರು, ಹಗ್ಗ ಇರುವಂತೆ ಅದರೊಳಗೂ ಆಧಾರವಿದೆ. ಬೇಕಾದಾಗ ಕಟ್ಟಿ, ಬೇಡವಾದಾಗ ಬಿಚ್ಚುವಂಥದ್ದು. ಇದೇ ಸೈಟೋಸ್ಕೆಲಿಟನ್, ಕನ್ನಡದಲ್ಲಿ ಕೋಶಕಂಕಾಲ ಎನ್ನೋಣ. ಇದರಲ್ಲಿ ಮೂರು ಬಗೆಯ ಎಳೆಗಳು. ಆಕ್ಟಿನ್ ಎಳೆ 7 ನ್ಯಾನೋಮೀಟರ್ ದಪ್ಪ. ಸ್ನಾಯುವಿನಲ್ಲಿ ಮಯೋಸಿನ್ ಇದನ್ನು ಎಳೆದಾಗಲೇ ಕೈಕಾಲು ಆಡುವುದು. ನಡುತಂತು 10 ನ್ಯಾನೋಮೀಟರ್. ಕೂದಲು, ಉಗುರಿನ ಕೆರಾಟಿನ್ ಈ ಜಾತಿಯದು. ಸೂಕ್ಷ್ಮನಾಳಿಕೆ 25 ನ್ಯಾನೋಮೀಟರ್. ಟ್ಯುಬುಲಿನ್ ಎಂಬ ಪ್ರೋಟೀನಿನ ಟೊಳ್ಳು ಕೊಳವೆ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್.

ನಮ್ಮ ಘಾಟಿಯಲ್ಲಿ ಲಾರಿಗಳು ಹತ್ತಿ ಇಳಿಯುವಂತೆ ಈ ನಾಳಿಕೆಯ ಮೇಲೂ ಸರಕು ಸಾಗುತ್ತದೆ. ಕೈನೆಸಿನ್ ಸಾಮಾನ್ಯವಾಗಿ ಕೋಶದ ಅಂಚಿಗೆ, ಡೈನೀನ್ ಒಳಗಡೆಗೆ ಹೊರುತ್ತವೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಹಂಚುವುದೂ ಈ ನಾಳಿಕೆಗಳ ಕೆಲಸವೇ.

ಈಗ ಬೇಲಿಯ ಬದಿಯ ಗೌರಿ ಹೂವನ್ನು ನೆನೆಯಿರಿ. ತಮಿಳಿನಲ್ಲಿ ಇದು ಸೆಂಗಾಂದಳ್, ತಮಿಳುನಾಡಿನ ರಾಜ್ಯಪುಷ್ಪ. ಇದರ ಗೆಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಟ್ಯುಬುಲಿನ್‌ಗೆ ಅಂಟಿಕೊಂಡು ನಾಳಿಕೆ ಕಟ್ಟದಂತೆ ತಡೆಯುತ್ತದೆ. ಕೋಶ ವಿಭಜನೆ ನಿಲ್ಲುತ್ತದೆ. ವೈದ್ಯರು ಅಳತೆಯಲ್ಲಿ ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಮದ್ದು. ಗೆಡ್ಡೆಯನ್ನು ಗೆಣಸೆಂದು ತಿಂದರೆ ಮೊದಲು ವಾಂತಿಭೇದಿ, ಬಳಿಕ ಪ್ರಾಣಕ್ಕೇ ಅಪಾಯ. ವಾಂತಿ ನಿಂತಿತೆಂದು ಸುಮ್ಮನಿರಬೇಡಿ, ಮನೆಮದ್ದು ಮಾಡುತ್ತ ಕೂರಬೇಡಿ. ಗಿಡದ ತುಂಡಿನೊಡನೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿ ಹೇಳಲು ತಮಿಳು ಹೆಸರು ಬೇಕು. ಮನೆಯಲ್ಲಿ ಮಗುವನ್ನು ಎಚ್ಚರಿಸಲು ಕನ್ನಡದ ಹೆಸರು ಬೇಕು. ಎರಡನ್ನೂ ಬಲ್ಲ ಮಗುವಿಗೆ ನಷ್ಟವೇನೂ ಇಲ್ಲ. ಅರ್ಥವಾಗದೆ ಬಾಯಿಪಾಠ ಮಾಡಿದರೆ ಮಾತ್ರ ನಷ್ಟ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350 ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಶಿಕ್ಷಕರನ್ನೂ ಪುಸ್ತಕಗಳನ್ನೂ ನಾವು ಕೇಳಿ ಪಡೆಯೋಣ. ಆದರೆ ಆ ಹಕ್ಕಿಗೆ ಜೀವ ಬರುವುದು ನಮ್ಮ ಮನೆಗಳಲ್ಲಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗುವನ್ನು ಕೇಳಿ: "ಜೀವಕೋಶದ ಚಪ್ಪರಕ್ಕೆ ಕಂಬ ಯಾವುದು, ಹಗ್ಗ ಯಾವುದು?" ಅದು ಹೇಳುವುದನ್ನು ಕೇಳಿಸಿಕೊಳ್ಳಿ.