ಬೇತಾಳಕ್ಕೆ ಎಷ್ಟು ದಿನ ಆಯುಸ್ಸು?

ಸತ್ತವನು ಎದ್ದು ಬಂದು ಕಚ್ಚುವುದು, ಕಚ್ಚಿಸಿಕೊಂಡವನೂ ಸತ್ತು ಎದ್ದು ಇನ್ನೊಬ್ಬನನ್ನು ಕಚ್ಚುವುದು: ಇಂಥ ಚಿತ್ರಗಳನ್ನು ಇಂದಿನ ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತಾರೆ. ಆ ಪ್ರಾಣಿಯ ಹೆಸರು ಜೋಂಬಿ; ನಮ್ಮ ಬೇತಾಳನ ದೂರದ ದಾಯಾದಿ ಎನ್ನೋಣ. ಮೈಸೂರಿನಲ್ಲೇ ಈ ಪಿಡುಗು ಎದ್ದಿತೆನ್ನಿ, ಎಷ್ಟು ದಿನ ಬಾಳೀತು?

ವೈದ್ಯರ ಉತ್ತರ ಚಿಕ್ಕದು. ಉಸಿರು ನಿಂತ ಮೇಲೆ ಸ್ನಾಯುಗಳಿಗೆ ಆಮ್ಲಜನಕವಿಲ್ಲ, ಶಕ್ತಿಯಿಲ್ಲ. ಕೆಲವೇ ಗಂಟೆಗಳಲ್ಲಿ ಸೆಟೆಯತೊಡಗಿದ ಹೆಣ ಸುಮಾರು ೧೨ ಗಂಟೆಗಳಲ್ಲಿ ಕೊರಡಾಗುತ್ತದೆ. ಸೆಟೆತ ಬಿಡುವ ಹೊತ್ತಿಗೆ ಕೊಳೆತ ಮೊದಲಾಗಿರುತ್ತದೆ. ವೈಶಾಖದ ಬಿಸಿಲಿನಲ್ಲಿ ನೊಣ, ಹುಳುಗಳು ಉಳಿದದ್ದನ್ನು ಮುಗಿಸುತ್ತವೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಬೇತಾಳ ಜಾಣ, ತಾನು ನಡೆಯದೆ ವಿಕ್ರಮನ ಹೆಗಲೇರಿತು.

ಆದರೆ ಕಚ್ಚಿ ಹರಡುವ ರೋಗವೊಂದು ನಿಜವಾಗಿಯೂ ನಮ್ಮ ಬೀದಿಯಲ್ಲಿದೆ. ಅದು ಹುಚ್ಚುನಾಯಿಯ ರೋಗ, ರೇಬೀಸ್. ಅದರ ವಿಷಾಣು ಗಾಯದಿಂದ ನರಗಳ ಹಾದಿ ಹಿಡಿದು ಮಿದುಳಿಗೇರುತ್ತದೆ, ಅಲ್ಲಿಂದ ಜೊಲ್ಲಿಗಿಳಿಯುತ್ತದೆ. ನಾಯಿಯನ್ನು ಕೆರಳಿಸಿ, ತನ್ನನ್ನು ಹರಡಲು ಅದರ ಹಲ್ಲನ್ನೇ ಬಳಸುತ್ತದೆ. ಕತೆಗಾರನೂ ಇಷ್ಟು ಹೊಸೆಯಲಾರ! ಇದರ ಆಯುಸ್ಸೂ ಅಳೆದದ್ದೇ. ಕಚ್ಚುವಾಗ ಜೊಲ್ಲಿನಲ್ಲಿ ವಿಷಾಣುವಿದ್ದ ನಾಯಿ ೧೦ ದಿನ ದಾಟಿ ಆರೋಗ್ಯವಾಗಿ ಉಳಿಯುವುದಿಲ್ಲ. ಕಚ್ಚಿದ ನಾಯಿಯನ್ನು ೧೦ ದಿನ ನೋಡಿ ಎನ್ನುವುದು ಇದಕ್ಕೇ. ನಾಯಿಯನ್ನು ನೋಡಿ ಎಂದರೆ ಸೂಜಿಮದ್ದನ್ನು ಮುಂದೂಡಿ ಎಂದಲ್ಲ. ಮೊದಲ ಸೂಜಿ ಅಂದೇ ಬೀಳಬೇಕು. ನಾಯಿ ಚೆನ್ನಾಗಿಯೇ ಉಳಿದರೆ ಮುಂದಿನದನ್ನು ವೈದ್ಯರು ನೋಡಿಕೊಳ್ಳುತ್ತಾರೆ.

ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಚರ್ ಕಡಿಸಿಕೊಂಡ ಹುಡುಗನಿಗೆ ಮದ್ದು ಕೊಡಿಸಿದ್ದು ೧೮೮೫ರಲ್ಲಿ. ನಮ್ಮ ಕಡೆಗೆ ಹತ್ತಿರದ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ೧೯೦೭ರಲ್ಲಿ ತೆರೆಯಿತು. ಆಗಿನದು ಹೊಟ್ಟೆಗೆ ಚುಚ್ಚುವ ಮದ್ದು, ೧೪ ಸೂಜಿ ಎಂದು ಹಿರಿಯರು ಇಂದಿಗೂ ನಡುಗುತ್ತಾರೆ. ಆ ಮದ್ದು ಹೋಯಿತು. ಈಗ ತೋಳಿಗೆ ನಾಲ್ಕೈದು ಸೂಜಿ. ಆಳವಾಗಿ ಕಚ್ಚಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಹಾಕುತ್ತಾರೆ.

ಅದಕ್ಕೂ ಮುನ್ನ ಮನೆಯ ಕೆಲಸವೊಂದಿದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ೧೫ ನಿಮಿಷ ಗಾಯ ತೊಳೆಯಿರಿ. ಈ ಭಯಂಕರ ವಿಷಾಣು ಸೋಪಿಗೆ ತಡೆಯದು. ಸುಣ್ಣ, ಮೆಣಸಿನಪುಡಿ ಬೇಡ. ರೋಗ ತಲೆದೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಬೀದಿಯ ಮರಿಯೊಡನೆ ಆಡಿ ಗೀರಿಸಿಕೊಂಡ ಮಗು ಬಯ್ಗುಳಕ್ಕೆ ಹೆದರಿ ಮುಚ್ಚಿಡುವುದುಂಟು. ಬಯ್ಯದೆ ಕೇಳಿ, ಕೈಕಾಲು ನೋಡಿ.