ದೂರವಾಣಿ ಸಂಖ್ಯೆಯೂ ಪಂಚಾಯಿತಿಯ ಆಸ್ತಿ: ಸೇವಾ ಕಂಪನಿ ಬದಲಿಸುವಾಗ ಅನುಸರಿಸಬೇಕಾದ ಕ್ರಮ



ಪಂಚಾಯಿತಿ ಕಚೇರಿಯ ಆಸ್ತಿ ವಹಿಯಲ್ಲಿ ಮೇಜು, ಕುರ್ಚಿ, ಬೀರು, ಗಣಕಯಂತ್ರ, ಮೋಟಾರು ಪಂಪು ಎಲ್ಲವೂ ದಾಖಲಾಗಿರುತ್ತವೆ. ಆದರೆ ಇವೆಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಒಂದು ಆಸ್ತಿ ಆ ವಹಿಯಲ್ಲಿ ಕಾಣಸಿಗುವುದು ಅಪರೂಪ. ಅದು ಕಚೇರಿಯ ಮೊಬೈಲ್ ಸಂಖ್ಯೆ. ನಲ್ಲಿಯಲ್ಲಿ ನೀರು ಬಾರದಿದ್ದಾಗ, ಬೀದಿದೀಪ ಕೆಟ್ಟಾಗ, ಖಾತೆಯ ನಕಲು ಬೇಕಾದಾಗ ಗ್ರಾಮಸ್ಥರು ಕರೆ ಮಾಡುವುದು ಆ ಸಂಖ್ಯೆಗೆ. ನೀರಿನ ತೊಟ್ಟಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವುದೂ ಅದೇ. ಬ್ಯಾಂಕಿನಿಂದ ಬರುವ ಒಟಿಪಿ ಸೇರುವುದೂ ಹಲವೆಡೆ ಅದೇ ಸಂಖ್ಯೆಗೆ.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿರುವ ಹಿರೀಸಾವೆಯಲ್ಲಿ ವ್ಯಾಪಾರಸ್ಥರ ಸ್ಥಿತಿಯೂ ಇದೇ. ತೆಂಗಿನಕಾಯಿ ಮಂಡಿ, ಗೊಬ್ಬರದ ಅಂಗಡಿ, ಹೋಟೆಲು, ಹಾಲು ಉತ್ಪಾದಕರ ಸಹಕಾರ ಸಂಘ, ಮಹಿಳಾ ಸ್ವಸಹಾಯ ಗುಂಪು, ಯಾವುದೇ ಇರಲಿ, ನಾಮಫಲಕದ ಮೇಲಿನ ಹತ್ತು ಅಂಕಿಗಳೇ ಅದರ ವಿಳಾಸ. ಸಿಗ್ನಲ್ ಸಿಗದೆಂಬ ಕಾರಣಕ್ಕೆ ಹೊಸ ಸಂಖ್ಯೆ ಪಡೆದರೆ, ವರ್ಷಗಳಿಂದ ಗಳಿಸಿದ ಆ ವಿಳಾಸವೇ ಕಳೆದುಹೋಗುತ್ತದೆ. ಕಡಿತಗೊಂಡ ಸಂಖ್ಯೆಯನ್ನು 90 ದಿನಗಳ ಅವಧಿ ಕಳೆದ ಮೇಲೆ ಬೇರೊಬ್ಬ ಗ್ರಾಹಕರಿಗೆ ನೀಡಲು ಅವಕಾಶವಿದೆ. ಹಾಗಾದಲ್ಲಿ ತೊಟ್ಟಿಯ ಗೋಡೆ ನೋಡಿ ಕರೆ ಮಾಡಿದ ಗ್ರಾಮಸ್ಥರಿಗೆ ಉತ್ತರಿಸುವವರು ಯಾವುದೋ ಊರಿನ ಅಪರಿಚಿತರಾಗಿರುತ್ತಾರೆ.

ಈ ತೊಂದರೆಗೆ ಪರಿಹಾರವೇ ಮೊಬೈಲ್ ಸಂಖ್ಯೆ ಪೋರ್ಟಬಿಲಿಟಿ, ಅಂದರೆ ಸಂಖ್ಯೆಯನ್ನು ಉಳಿಸಿಕೊಂಡು ಸೇವಾ ಕಂಪನಿಯನ್ನು ಮಾತ್ರ ಬದಲಿಸುವ ವ್ಯವಸ್ಥೆ. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲಿ ಇದರ ನಿಯಮಾವಳಿ ರಚಿಸಿತು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾದ ಸೇವೆ 2011ರ ಜನವರಿ 20ರಂದು ದೇಶಾದ್ಯಂತ ಜಾರಿಗೆ ಬಂದಿತು. 2015ರ ಜುಲೈನಿಂದ ಒಂದು ರಾಜ್ಯದ ಸಂಖ್ಯೆಯನ್ನು ಇನ್ನೊಂದು ರಾಜ್ಯಕ್ಕೂ ಕೊಂಡೊಯ್ಯಬಹುದಾಗಿದೆ.

ಇದು ನಡೆಯುವ ಬಗೆ ಸರಳ. ಹಿಂದೆ ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿಯೇ ಅದು ಯಾವ ಕಂಪನಿಯದೆಂದು ತಿಳಿಯುತ್ತಿತ್ತು. ಈಗ ಕರೆ ಹೊರಡುವ ಮುನ್ನ ಪೋರ್ಟ್ ಆದ ಸಂಖ್ಯೆಗಳ ದತ್ತಾಂಶವನ್ನು ವಿಚಾರಿಸಲಾಗುತ್ತದೆ. ಆ ಸಂಖ್ಯೆ ಈಗ ಯಾವ ಕಂಪನಿಯಲ್ಲಿದೆಯೋ ಅಲ್ಲಿಗೆ ಕರೆ ಸಾಗುತ್ತದೆ. ಬಾಡಿಗೆದಾರರು ಮನೆ ಬದಲಿಸಿದರೂ ಅಂಚೆಯಣ್ಣ ಹೊಸ ಮನೆಗೆ ಕಾಗದ ತಲುಪಿಸುವಂತೆ ಇದು.

ಕ್ರಮ ಕೈಗೊಳ್ಳುವ ಮೊದಲು ಪಂಚಾಯಿತಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಂಖ್ಯೆ ಯಾರ ಹೆಸರಿನಲ್ಲಿದೆ? ಅನೇಕ ಕಚೇರಿಗಳಲ್ಲಿ ಅದು ಹಿಂದಿನ ಕಾರ್ಯದರ್ಶಿಯ, ಕರ ವಸೂಲಿಗಾರರ ಅಥವಾ ನೀರುಗಂಟಿಯ ಸ್ವಂತ ಗುರುತಿನ ಚೀಟಿಯ ಮೇಲೆ ಪಡೆದದ್ದಾಗಿರುವ ಸಾಧ್ಯತೆ ಇದೆ. ಅವರು ವರ್ಗವಾದರೆ, ನಿವೃತ್ತರಾದರೆ ಅಥವಾ ತೀರಿಕೊಂಡರೆ ಆ ಸಂಖ್ಯೆಯ ಮೇಲೆ ಪಂಚಾಯಿತಿಗೆ ಯಾವ ಹಕ್ಕೂ ಉಳಿಯುವುದಿಲ್ಲ. ಬಳಸಿದವರು ಪಂಚಾಯಿತಿಯವರು, ಹಣ ಕಟ್ಟಿದ್ದು ಪಂಚಾಯಿತಿ, ಆದರೆ ಕಂಪನಿಯ ದಾಖಲೆಯಲ್ಲಿ ಒಡೆಯರು ಬೇರೊಬ್ಬರು. ಆದ್ದರಿಂದ ಹಾಲಿ ಹೆಸರುಳ್ಳವರು ಕೈಗೆಟುಕುವಲ್ಲಿ ಇರುವಾಗಲೇ, ಅವರ ಒಪ್ಪಿಗೆಯೊಂದಿಗೆ ಸಂಖ್ಯೆಯನ್ನು ಪಂಚಾಯಿತಿಯ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಮೊದಲ ಕೆಲಸ. ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ಯಾರೇ ಆದರೂ ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು.

ಹೆಸರು ಬದಲಾವಣೆಯ ಕೋರಿಕೆ ಬಾಕಿ ಇರುವಾಗ ಪೋರ್ಟಿಂಗ್ ಸಾಧ್ಯವಿಲ್ಲ. ಅದು ಪೂರ್ಣಗೊಂಡ ನಂತರವೇ ಮುಂದಿನ ಹೆಜ್ಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಸಿಮ್ ಬದಲಿಸಿದ್ದಲ್ಲಿ 7 ದಿನ ಕಳೆಯುವವರೆಗೆ ಪೋರ್ಟಿಂಗ್ ಸಂಕೇತ ದೊರೆಯುವುದಿಲ್ಲ. ಕಳ್ಳತನದಿಂದ ಸಿಮ್ ಬದಲಿಸಿ ಸಂಖ್ಯೆಯನ್ನೇ ಅಪಹರಿಸುವ ವಂಚನೆಯನ್ನು ತಡೆಯುವುದು ಇದರ ಉದ್ದೇಶ. ಇದಲ್ಲದೆ ಸಂಪರ್ಕ ಪಡೆದು ಅಥವಾ ಹಿಂದಿನ ಪೋರ್ಟಿಂಗ್ ಆಗಿ 90 ದಿನ ಕಳೆದಿರಬೇಕು. ಪೋಸ್ಟ್‌ಪೇಯ್ಡ್ ಆಗಿದ್ದರೆ ಗಡುವು ಮೀರಿದ ಬಿಲ್ಲುಗಳು ಬಾಕಿ ಇರಬಾರದು. ಸಂಖ್ಯೆಯ ಕುರಿತು ನ್ಯಾಯಾಲಯದಲ್ಲಿ ವ್ಯಾಜ್ಯ ಇರಬಾರದು.

ಸಂಖ್ಯೆ ಪಂಚಾಯಿತಿ, ಸಂಘ ಅಥವಾ ಸಂಸ್ಥೆಯ ಹೆಸರಿನಲ್ಲಿದ್ದರೆ ಅದನ್ನು ಕಾರ್ಪೊರೇಟ್ ಸಂಖ್ಯೆ ಎಂದು ಪರಿಗಣಿಸಲಾಗುತ್ತದೆ. ಇಂಥ ಸಂಖ್ಯೆಗಳಿಗೆ ಅಧಿಕೃತ ಸಹಿದಾರರ ಪತ್ರ ಕಡ್ಡಾಯ. ಒಂದು ಪತ್ರದಲ್ಲಿ 100 ಸಂಖ್ಯೆಗಳವರೆಗೆ ಸೇರಿಸಬಹುದು. ಸಹಿದಾರರು ಯಾರೆಂಬುದನ್ನು ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಿ ನಡಾವಳಿಯಲ್ಲಿ ದಾಖಲಿಸುವುದು ಲೇಸು. ಅಂಗಡಿಯ ಸಂಖ್ಯೆ ಮಾಲೀಕರ ಸ್ವಂತ ಹೆಸರಿನಲ್ಲೇ ಇದ್ದರೆ ಈ ಪತ್ರ ಬೇಕಿಲ್ಲ.

ಅನಂತರದ ಕ್ರಮ ಹೀಗಿದೆ.

ಮೊದಲನೆಯದಾಗಿ, ಹೊಸ ಕಂಪನಿಯ ಸಿಗ್ನಲ್ ಕಚೇರಿಯ ಒಳಗೂ ಪಂಪ್‌ಹೌಸಿನ ಬಳಿಯೂ ಸಿಗುವುದೇ ಎಂಬುದನ್ನು ಆ ಕಂಪನಿಯ ಸಿಮ್ ಇರುವವರಿಂದ ಪರೀಕ್ಷಿಸಿ ನೋಡಬೇಕು. ಹೆದ್ದಾರಿಯ ಬದಿಯಲ್ಲಿ ಚೆನ್ನಾಗಿರುವ ಸಿಗ್ನಲ್ ಒಳ ಹಳ್ಳಿಯ ತೋಟದಲ್ಲಿ ಇಲ್ಲದಿರಬಹುದು.

ಎರಡನೆಯದಾಗಿ, ಬದಲಿಸಬೇಕಾದ ಸಂಖ್ಯೆಯಿಂದಲೇ 1900ಕ್ಕೆ ಸಂದೇಶ ಕಳುಹಿಸಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ಹತ್ತಂಕಿಯ ಸಂಖ್ಯೆಯನ್ನು ನಮೂದಿಸಬೇಕು. ಅರ್ಹತೆ ಇದ್ದಲ್ಲಿ ಎಂಟು ಅಕ್ಷರ–ಅಂಕಿಗಳ ಯುಪಿಸಿ ಎಂಬ ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಇದರ ಅವಧಿ 4 ದಿನ ಮಾತ್ರ. ಈ ಸಂಕೇತವನ್ನು ದೂರವಾಣಿಯಲ್ಲಿ ಕೇಳಿದ ಯಾರಿಗೂ ತಿಳಿಸಬಾರದು. ಅದು ಸಂಖ್ಯೆಯ ಬೀಗದ ಕೈ.

ಮೂರನೆಯದಾಗಿ, ಸಂಕೇತ, ಪತ್ರ ಹಾಗೂ ಗುರುತಿನ ದಾಖಲೆಗಳೊಡನೆ ಹೊಸ ಕಂಪನಿಯ ಮಳಿಗೆಯಲ್ಲಿ ಅರ್ಜಿ ಸಲ್ಲಿಸಬೇಕು. ಸಂಸ್ಥೆಯ ಹೆಸರಿನ ಸಂಪರ್ಕವಾದರೂ ಅದನ್ನು ಬಳಸುವ ಸಿಬ್ಬಂದಿಯ ಗುರುತಿನ ಪರಿಶೀಲನೆ ಅಗತ್ಯ. ಅರ್ಜಿ ನೀಡಿದ ಮೇಲೆ ಮನಸ್ಸು ಬದಲಾದರೆ 24 ಗಂಟೆಯೊಳಗೆ 1900ಕ್ಕೆ ಸಂದೇಶ ಕಳುಹಿಸಿ ರದ್ದುಪಡಿಸಬಹುದು.

ರಾಜ್ಯದೊಳಗಿನ ವೈಯಕ್ತಿಕ ಸಂಖ್ಯೆಗೆ 3 ಕೆಲಸದ ದಿನಗಳು, ಕಾರ್ಪೊರೇಟ್ ಸಂಖ್ಯೆಗೆ 5 ಕೆಲಸದ ದಿನಗಳು ನಿಗದಿಯಾಗಿವೆ. ಬದಲಾವಣೆಯ ವೇಳೆ ಕೆಲವು ಗಂಟೆ ಸೇವೆ ಇರುವುದಿಲ್ಲ. ಹೀಗಾಗಿ ವೇತನ ಪಾವತಿಯ ದಿನ, ಮಾರ್ಚ್ ಕೊನೆಯ ವಾರ, ಕುಡಿಯುವ ನೀರಿನ ಅಭಾವದ ದಿನಗಳು ಇದಕ್ಕೆ ತಕ್ಕ ಸಮಯವಲ್ಲ. ಪ್ರೀಪೇಯ್ಡ್ ಸಂಖ್ಯೆಯಲ್ಲಿ ಉಳಿದ ಹಣ ಮತ್ತು ಯೋಜನೆಯ ಅವಧಿ ಹೊಸ ಕಂಪನಿಗೆ ವರ್ಗವಾಗುವುದಿಲ್ಲವಾದ್ದರಿಂದ, ರೀಚಾರ್ಜ್ ಮುಗಿಯುತ್ತ ಬಂದಾಗ ಅರ್ಜಿ ಹಾಕುವುದು ಮಿತವ್ಯಯದ ದಾರಿ.

ಸರಿಯಾದ ಕಾರಣವಿಲ್ಲದೆ ಅರ್ಜಿ ತಿರಸ್ಕರಿಸಿದ ಕಂಪನಿಗೆ ಪ್ರತಿ ಪ್ರಕರಣಕ್ಕೆ ₹10,000ದವರೆಗೆ ದಂಡ ವಿಧಿಸುವ ಅಧಿಕಾರ ಟ್ರಾಯ್‌ಗೆ ಇದೆ. ಅರ್ಜಿದಾರರು ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಬರೆದಿಟ್ಟುಕೊಂಡು, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಹಣಕಾಸಿನ ವಂಚನೆ ನಡೆದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಒಂದು ಮಿತಿಯನ್ನೂ ನೆನಪಿಡುವುದು ಒಳ್ಳೆಯದು. ಈ ನಿಯಮಾವಳಿ ಮೊಬೈಲ್ ಸಂಖ್ಯೆಗಳಿಗೆ ಮಾತ್ರ. 08176ರಿಂದ ಆರಂಭವಾಗುವ ಸ್ಥಿರ ದೂರವಾಣಿ ಸಂಖ್ಯೆಯನ್ನು ಹೀಗೆ ವರ್ಗಾಯಿಸಲಾಗದು. ಅದನ್ನು ಕಡಿತಗೊಳಿಸುವ ಮುನ್ನ ಫಲಕ, ರಸೀದಿ ಪುಸ್ತಕ, ಇಲಾಖೆಗಳ ದಾಖಲೆಗಳಲ್ಲಿ ಹೊಸ ಸಂಖ್ಯೆ ಬರೆಸಿ, ಜನರಿಗೆ ಡಂಗುರದ ಮೂಲಕ ತಿಳಿಸಿ, ಕೆಲವು ತಿಂಗಳು ಎರಡನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಮಾಡಬಹುದಾದ ಕೆಲಸ ಚಿಕ್ಕದು. ಕಚೇರಿ, ಗ್ರಂಥಾಲಯ, ನೀರು ಸರಬರಾಜಿಗೆ ಬಳಕೆಯಾಗುವ ಸಂಖ್ಯೆಗಳನ್ನು ಓದಿಸಿ, ಪ್ರತಿಯೊಂದೂ ಯಾರ ಹೆಸರಿನಲ್ಲಿದೆ, ಯಾವ ಕಂಪನಿಯದು, ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು ಆಸ್ತಿ ವಹಿಯಲ್ಲಿ ಬರೆಸಬೇಕು. ಅಧಿಕಾರಿಗಳು ವರ್ಗವಾಗುತ್ತಾರೆ, ಸದಸ್ಯರ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ. ರಾತ್ರಿ ಹೊತ್ತು ನೀರಿಲ್ಲದ ಮನೆಯಿಂದ ಕರೆ ಮಾಡುವ ತಾಯಿಗೆ ಮಾತ್ರ ಅದೇ ಸಂಖ್ಯೆಯಲ್ಲಿ, ಪಂಚಾಯಿತಿಯವರಿಂದಲೇ ಉತ್ತರ ಸಿಗಬೇಕು.